ಕಾಗದ ಹೇಳಿದ ವಯಸ್ಸು 49

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಈ ಗಂಡ ಹೆಂಡತಿಯ ಒಪ್ಪಿಗೆ ಪಡೆದು ಹಾಗೇ ಇಟ್ಟಿದ್ದೇನೆ.

ಸುಮಾಗೆ 34 ವರ್ಷ. ಶಾಲೆಯಲ್ಲಿ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಮೊದಲ ದಿನ ನನ್ನ ಬಳಿ ಸಲಹೆಗೆ ಬಂದಾಗ ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಜಿಮ್ ಒಂದರಲ್ಲಿ ಉಚಿತವಾಗಿ ಮಾಡಿಕೊಟ್ಟ ದೇಹದ ಅಳತೆ. ಎತ್ತರ 155 ಸೆಂ.ಮೀ., ತೂಕ 61 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25.4, ಕೊಬ್ಬು ಶೇ 35. ಕೆಳಗೆ ಕೆಂಪಕ್ಷರದಲ್ಲಿ, ‘ದೇಹದ ವಯಸ್ಸು 49’.

“ಹದಿನೈದು ವರ್ಷ ಎಲ್ಲಿಂದ ಬಂತು ಮೇಡಂ?” ಎಂದವರು ಅತ್ತುಬಿಟ್ಟರು.

ಆ ಕಾಗದ ಸಿಕ್ಕ ವಾರವೇ ಅವರು ಕೊಬ್ಬು ತೋರಿಸುವ ತೂಕದ ಮೆಷಿನ್ ತರಿಸಿದ್ದರು. ಬಚ್ಚಲುಮನೆಯ ಬಾಗಿಲ ಬಳಿ ಇಟ್ಟುಕೊಂಡು ದಿನಕ್ಕೆ ಆರೇಳು ಸಲ ಹತ್ತುತ್ತಿದ್ದರು. ಅನ್ನ ಬಿಟ್ಟರು. ಆಮೇಲೆ ರಾತ್ರಿ ಊಟವನ್ನೇ ಬಿಟ್ಟರು. ಎರಡು ತಿಂಗಳಲ್ಲಿ ಇಳಿದದ್ದು ಒಂದು ಕೆಜಿಗಿಂತ ಕಡಿಮೆ. ಆದರೆ ಕೂದಲು ಉದುರುತ್ತಿತ್ತು, ಮುಟ್ಟು ತಡವಾಗುತ್ತಿತ್ತು, ಮಕ್ಕಳ ಮೇಲೆ ಸಿಡುಕು ಹೆಚ್ಚಾಗಿತ್ತು. ಗಂಡ ರಾಘು ದಿನಾ ಒಂದೇ ಮಾತು ಹೇಳುತ್ತಿದ್ದರಂತೆ: “ನನ್ನ ನೋಡು. ಮದುವೆಯಲ್ಲಿ ಹಾಕಿದ್ದ ಪ್ಯಾಂಟ್ ಸೈಜೇ ಈಗಲೂ.”

ಆ ಕಾಗದವನ್ನು ನಾನು ಪಕ್ಕಕ್ಕೆ ಸರಿಸಲಿಲ್ಲ. ಅದು ಹೇಗೆ ಹುಟ್ಟಿತು ಎಂದು ಹೇಳಿದೆ. ಆ ಮೆಷಿನ್ ಕೊಬ್ಬನ್ನು ತೂಗುವುದಿಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ತೀರಾ ಸಣ್ಣ ಕರೆಂಟ್ ಹರಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಅಲ್ಲಿ ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ತಡೆ ಜಾಸ್ತಿ. ಆ ತಡೆಗೆ ನಮ್ಮ ಎತ್ತರ, ತೂಕ, ವಯಸ್ಸು ಸೇರಿಸಿ ಒಂದು ಸೂತ್ರದಿಂದ ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕೊಬ್ಬು ಹೆಚ್ಚೆಂದು ತೋರಿಸುತ್ತದೆ. ‘ದೇಹದ ವಯಸ್ಸು’ ಎಂಬುದಂತೂ ಆಯಾ ಕಂಪನಿ ಮಾಡಿಕೊಂಡ ಲೆಕ್ಕ. ಯಾವ ವೈದ್ಯರೂ ಅದನ್ನು ನೋಡಿ ರೋಗ ಹೇಳುವುದಿಲ್ಲ. (ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಮೆಷಿನ್ ಹತ್ತಲೇಬಾರದು. ಬಸುರಿಯರಿಗೂ ಇದು ಬೇಡ.)

ಸುಮಾ ಫೋನ್‌ನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರು. ಒಂದೇ ದಿನ ಬೆಳಿಗ್ಗೆ ಶೇ 35.1, ಸಂಜೆ 32.6. ಲೆಕ್ಕ ಹಾಕಿ ಎಂದೆ. ಒಂದೂವರೆ ಕೆಜಿ ಕೊಬ್ಬು! ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಶಾಲೆಯಲ್ಲಿ ನಾಲ್ಕು ಪೀರಿಯಡ್ ಪಾಠ ಮಾಡಿದರೆ ಅಷ್ಟು ಹೋಗುತ್ತಾ? ಅವರು ಬಹಳ ಹೊತ್ತು ಫೋನ್ ನೋಡುತ್ತಾ ಕುಳಿತರು.

ಹಾಗೆಂದು “ನಿಮಗೇನೂ ಆಗಿಲ್ಲ” ಎಂದು ಸಮಾಧಾನ ಹೇಳಲಿಲ್ಲ. ಅದು ಸುಳ್ಳಾಗುತ್ತಿತ್ತು. ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಅದೇ ಬಿಎಂಐನಲ್ಲಿ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಸುಮಾ ಗೆರೆಯ ಸ್ವಲ್ಪ ಆಚೆ ಇದ್ದರು. ಆದರೆ ಗೆರೆ ದಾಟಿದ್ದು ಎಚ್ಚರಿಕೆ ಮಾತ್ರ. ಒಳಗೆ ಏನಾಗಿದೆ ಎಂಬುದಕ್ಕೆ ಬೇರೆ ಅಳತೆ ಬೇಕು. ವೈದ್ಯರ ಬಳಿ ಕಳಿಸಿ ರಕ್ತಪರೀಕ್ಷೆ ಮಾಡಿಸಿದೆ. ಮುಂದಿನ ಸಲ ರಾಘು ಅವರನ್ನೂ ಕರೆತರಲು ಹೇಳಿದೆ.

ರಾಘು ಬಂದರು. 168 ಸೆಂ.ಮೀ., 64 ಕೆಜಿ. ಬಿಎಂಐ 22.7. ನೋಡಲು ಸಣ್ಣಗಿದ್ದಾರೆ, ಕೈಕಾಲು ತೆಳ್ಳಗೆ. ಬೆಲ್ಟ್ ಮಾತ್ರ ಹೊಟ್ಟೆಯ ಕೆಳಗೆ ಜಾರಿತ್ತು. ಗಂಡಸರ ಪ್ಯಾಂಟ್ ಸೈಜ್ ಎಷ್ಟೋ ವರ್ಷ ಬದಲಾಗದಿರುವುದು ಹೀಗೇ. ಹೊಟ್ಟೆ ಮುಂದೆ ಬರುತ್ತದೆ, ಪ್ಯಾಂಟ್ ಕೆಳಗಿಳಿಯುತ್ತದೆ.

ಟೈಲರ್ ಟೇಪ್ ತೆಗೆದು ಇಬ್ಬರಿಗೂ ಅಳತೆ ತೆಗೆದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಬೇಕು. ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ ಓದಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ರಾಘು ಎರಡು ಸಲ ಎಳೆದುಕೊಂಡರು. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಸುಮಾಗೆ 77 ಬಂತು. ರಾಘು ಅವರಿಗೆ 94.

ರಾಘು ಮೂರನೇ ಸಲ ಅಳೆಸಿಕೊಂಡರು. ಆಗಲೂ 94.

ನಾನು ಅವರಿಗೆ ಒಂದು ಫೋಟೋ ತೋರಿಸಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಚಿತ್ರ, 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1. ಯಾಜ್ಞಿಕ್ ಮೈಯಲ್ಲಿ 21.2. ಹೊರಗಿನಿಂದ ಸಣ್ಣ, ಒಳಗೆ ಕೊಬ್ಬು. ರಾಘು ಅವರ ತಂದೆಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಆಗ ಹೊರಬಂತು. ಅವರಿಗೂ ಪರೀಕ್ಷೆ ಬರೆಸಿದೆವು.

ವರದಿ ಬಂದಾಗ ಸುಮಾ ಅವರ ಸಕ್ಕರೆ, ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಆದರೂ ಇರಬೇಕು. ಸುಸ್ತು, ಕೂದಲು ಉದುರುವುದು, ಸಿಡುಕು ಇವಕ್ಕೆಲ್ಲ ಇದೂ ಒಂದು ಕಾರಣ ಎಂದರು ವೈದ್ಯರು. ಎರಡು ತಿಂಗಳು ಅವರು ಕೊಬ್ಬಿನ ಲೆಕ್ಕ ಬರೆಯುತ್ತಿದ್ದರು, ರಕ್ತ ಕಡಿಮೆಯಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದು ನನಗೆ ಈಗಲೂ ನೋವು ತರುತ್ತದೆ. ರಾಘು ಅವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.1. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಸುಮಾಗೆ ಹೇಳಿದ್ದು ಇಷ್ಟು. ಮೆಷಿನನ್ನು ಅಟ್ಟಕ್ಕೆ ಹಾಕಿ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಬೆಳಿಗ್ಗೆ ತೂಕ ಮತ್ತು ಟೇಪ್ ಎರಡನ್ನೂ ನೋಡಿ, ಸಾಕು. ರಾತ್ರಿ ಊಟ ಮಕ್ಕಳ ಜೊತೆ ಕುಳಿತು ಮಾಡಿ. ಅನ್ನ ಬಿಡಬೇಡಿ, ಒಂದು ಸೌಟು ಕಡಿಮೆ ಹಾಕಿ. ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಮೊಟ್ಟೆ, ಸೊಪ್ಪಿನ ಪಲ್ಯ ಬರಲಿ. ಕಬ್ಬಿಣದ ಮಾತ್ರೆ ತೆಗೆದುಕೊಂಡ ಹೊತ್ತಿಗೆ ಕಾಫಿ, ಟೀ ಬೇಡ. ಊಟ ಮಾಡಲು ಮತ್ತೆ ಹೆದರಿಕೆ ಎನಿಸಿದರೆ ಅದನ್ನು ಮುಚ್ಚಿಡದೆ ನನಗೆ ಹೇಳಿ.

ರಾಘು ಅವರಿಗೆ ಜಿಮ್ ಬೇಡ ಎಂದೆ, ಹೋಗುವುದಿಲ್ಲ ಎಂದು ಗೊತ್ತಿತ್ತು. ದಿನಾ ಅರ್ಧ ಗಂಟೆ ಬಿರುಸು ನಡಿಗೆ. ವಾರಕ್ಕೆ ಎರಡು ಸಲ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ದಂಡ. ಸಂಜೆ ಆಫೀಸಿನ ಹತ್ತಿರದ ಬೇಕರಿಯ ಖಾರಾ ಬನ್, ಎರಡು ಚಮಚ ಸಕ್ಕರೆಯ ಟೀ ನಿಲ್ಲಬೇಕು. ಇನ್ನೊಂದನ್ನು ಅವರೊಬ್ಬರನ್ನೇ ಕೂರಿಸಿಕೊಂಡು ಹೇಳಿದೆ: ಹೆಂಡತಿಯ ಮೈ ಬಗ್ಗೆ ಮಕ್ಕಳ ಎದುರು ಮಾತಾಡಬೇಡಿ. ಅವರ ಹತ್ತು ವರ್ಷದ ಮಗಳು ಸುಮ್ನೆ ಮೆಷಿನ್ ಹತ್ತಿ ನೋಡಲು ಶುರುಮಾಡಿದ್ದಳು. ಅದು ಅವರಿಗೆ ಗೊತ್ತೇ ಇರಲಿಲ್ಲ.

ನಾಲ್ಕು ತಿಂಗಳಾಯಿತು. ಸುಮಾ ಅವರ ತೂಕ 60, ಸೊಂಟ 75, ಹಿಮೋಗ್ಲೋಬಿನ್ 11.6. ಮುಟ್ಟು ಸರಿಯಾಗಿ ಬರುತ್ತಿದೆ. ರಾಘು ಅವರ ತೂಕ ಎರಡು ಕೆಜಿಯಷ್ಟೇ ಇಳಿದಿದೆ, ಹೊಟ್ಟೆ 94ರಿಂದ 90ಕ್ಕೆ ಬಂದಿದೆ. ಹೊಸ ಪ್ಯಾಂಟ್ ತಂದು ಸೊಂಟದ ಮೇಲೆ ಕಟ್ಟುತ್ತಿದ್ದಾರೆ. ಸಕ್ಕರೆಯ ಪರೀಕ್ಷೆ ಮುಂದಿನ ವಾರ. ಆಗಲೂ ಇಬ್ಬರೂ ಒಟ್ಟಿಗೇ ಬರುತ್ತೇವೆ ಎಂದಿದ್ದಾರೆ.