ತಾಲೂಕು ಕೋರ್ಟು ತನ್ನ ನಿಯಮ ತಾನೇ ಮಾಡಿಕೊಳ್ಳಬೇಕಾ?

ಅಮೆರಿಕದಲ್ಲಿ ಒಂದೊಂದು ಜಿಲ್ಲಾ ಕೋರ್ಟಿಗೂ ಅದರದ್ದೇ ನಿಯಮ ಇದೆ, ನಮ್ಮ ಸಾಗರ, ತೀರ್ಥಹಳ್ಳಿ ಕೋರ್ಟುಗಳಿಗೂ ಆ ಅಧಿಕಾರ ಕೊಟ್ಟರೆ ಒಳ್ಳೆಯದಲ್ವಾ ಎಂದು ಕೇಳಿದ್ದೀರಿ. ನಾನು ವಕೀಲನಲ್ಲ, ಶಿವಮೊಗ್ಗ ಜಿಲ್ಲೆಯಲ್ಲಿ ಒಬ್ಬ ವಕೀಲರ ಗುಮಾಸ್ತ. ದಾವೆ ಫೈಲ್ ಮಾಡುವುದು, ನಕಲಿಗೆ ಅರ್ಜಿ ಹಾಕುವುದು, ತಾರೀಕು ಬರೆದುಕೊಳ್ಳುವುದು ನನ್ನ ಕೆಲಸ. ಕೌಂಟರಿನ ಈಚೆ ನಿಂತವನಾಗಿ ಹೇಳುವುದಾದರೆ, ವೇಳೆ ಮತ್ತು ಅನುಕೂಲದ ಮಟ್ಟಿಗೆ ಕೊಡಲಿ. ಆದರೆ ಬರೆದು ನೋಟಿಸ್ ಬೋರ್ಡಿಗೆ ಹಾಕಿದ್ದು ಮಾತ್ರ ನಿಯಮ ಆಗಬೇಕು. ಬಾಯಿಮಾತಿನ ನಿಯಮ ಈಗಲೇ ಬೇಕಾದಷ್ಟಿವೆ.

ಸಿವಿಲ್ ಕೇಸುಗಳಿಗೆ ದೇಶಕ್ಕೆಲ್ಲ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಅದರ 122ನೇ ಕಲಂ ಪ್ರಕಾರ ಕೆಳ ಕೋರ್ಟುಗಳ ನಿಯಮ ಮಾಡುವುದು, ತಿದ್ದುವುದು ಹೈಕೋರ್ಟಿನ ಕೆಲಸ. ಸರ್ಕಾರದ ಒಪ್ಪಿಗೆಯೂ ಬೇಕು. ಜೊತೆಗೆ 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಇದೆ. ಬೀದರ್‌ಗೂ ಅದೇ, ಆಗುಂಬೆ ಕಡೆಯವರಿಗೂ ಅದೇ. ತಾಲೂಕು ಕೋರ್ಟಿಗೆ ಸ್ವಂತ ನಿಯಮ ಮಾಡುವ ಅಧಿಕಾರ ಇಲ್ಲ.

ಇದು ಪುಸ್ತಕದ ಮಾತು. ಒಂದು ಕೋರ್ಟಿನಲ್ಲಿ ದಾಖಲೆಗಳ ಪಟ್ಟಿಯನ್ನು ದಾವೆಯ ಹಿಂದೆಯೇ ಹೊಲಿದಿರಬೇಕು. ಇನ್ನೊಂದರಲ್ಲಿ ಹಾಗೆ ಹೊಲಿದು ಕೊಟ್ಟರೆ ‘ಬೇರೆ ಮಾಡಿ ತನ್ನಿ’ ಎಂದು ಆಕ್ಷೇಪಣೆ ಬರೆದು ವಾಪಸ್ ಕೊಡುತ್ತಾರೆ. ಎಲ್ಲಿ ಬರೆದಿದೆ ಸ್ವಾಮಿ ಎಂದು ಕೇಳಿದರೆ, ‘ಇಲ್ಲಿ ಹೀಗೇ’ ಎಂಬ ಉತ್ತರ. ಕಾಲಮಿತಿಗೆ ವಾರ ಬಾಕಿ ಇದ್ದರೆ ಸುಮ್ನೆ ಬಿಚ್ಚಿ ಮತ್ತೆ ಹೊಲಿಯುತ್ತೇವೆ. ಅದು ಕೊನೆಯ ದಿನವಾಗಿದ್ದರೆ ಕಕ್ಷಿದಾರನ ಗತಿ ಏನು?

ಹಾಗಂತ ಎಲ್ಲವನ್ನೂ ಬೆಂಗಳೂರಿನಿಂದಲೇ ನಡೆಸಲೂ ಆಗುವುದಿಲ್ಲ. ಮಲೆನಾಡಿನಲ್ಲಿ ಡಿಸೆಂಬರ್, ಜನವರಿ ಎಂದರೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಇಂಥ ದಿನ ಬರುತ್ತೇನೆ ಎಂದರೆ ಅವತ್ತೇ ಕೊನೆ ಇಳಿಸಬೇಕು. ಬಿಟ್ಟರೆ ಅವನು ಮತ್ತೆ ಸಿಗುವುದು ಯಾವಾಗಲೋ. ಇಳಿಸಿದ ಅಡಿಕೆ ಹಾಗೇ ಕೂರುವುದೂ ಇಲ್ಲ, ಸುಲಿಯಬೇಕು, ಬೇಯಿಸಬೇಕು. ಅದೇ ದಿನ ಪಾಟೀಸವಾಲಿಗೆ (ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ತಾರೀಕು ಬಿದ್ದರೆ ಸಾಕ್ಷಿ ಬರುವುದಿಲ್ಲ. ನಮ್ಮ ಕಡೆಯನ್ನು ಬಲ್ಲ ನ್ಯಾಯಾಧೀಶರು ನಕ್ಕು ಫೆಬ್ರವರಿಗೆ ಹಾಕುತ್ತಾರೆ. ಬಯಲುಸೀಮೆಯಿಂದ ಹೊಸದಾಗಿ ಬಂದವರಿಗೆ ಅದು ಕುಂಟು ನೆಪದಂತೆ ಕಾಣುತ್ತದೆ. ಅವರದ್ದೂ ತಪ್ಪಲ್ಲ. ಕೇಸು ಎಳೆಯುವವರೂ ಅದೇ ಅಡಿಕೆಯ ಹೆಸರು ಹೇಳುತ್ತಾರಲ್ಲ! ಕೊಯ್ಲಿನ ತಿಂಗಳಲ್ಲಿ ಸಾಕ್ಷಿಗೆ ತಾರೀಕು ಕೊಡುವ ಮೊದಲು ಎರಡೂ ಕಡೆಯವರನ್ನು ಕೇಳಿ ದಿನ ಗೊತ್ತುಮಾಡಬೇಕು, ಆಮೇಲೆ ವಾಯಿದೆ (ಮುಂದೂಡಿಕೆ) ಇಲ್ಲ ಎಂದು ಬರೆದಿಟ್ಟರೆ ಇಬ್ಬರಿಗೂ ಕ್ಷೇಮ. ಬರೆದಿಲ್ಲದ ಪದ್ಧತಿ ನ್ಯಾಯಾಧೀಶರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ.

ಮಳೆಗಾಲದ್ದೂ ಇದೇ ಕಥೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಗಡಿ ನೋಡಲು ಜುಲೈನಲ್ಲಿ ಕೋರ್ಟ್ ಕಮಿಷನರನ್ನು ಕಳಿಸಿದರೆ ಜಿಗಣೆ ಹತ್ತಿಸಿಕೊಂಡು ಬರುತ್ತಾರೆ, ವರದಿ ಬರುವುದಿಲ್ಲ.

ಆದರೆ ಯಾರ ಹಕ್ಕಾದರೂ ಹೋಗುವಂಥ ಗಡುವನ್ನು ತಾಲೂಕಿನ ಕೈಗೆ ಕೊಡಬಾರದು. ಸಮನ್ಸ್ ಜಾರಿಯಾದ ಮೇಲೆ ಪ್ರತಿವಾದಿ 30 ದಿನದಲ್ಲಿ ತಕರಾರು (ದಾವೆಗೆ ಲಿಖಿತ ಉತ್ತರ) ಹಾಕಬೇಕು, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಸಾಮಾನ್ಯ ದಾವೆಗಳಲ್ಲಿ ತೀರಾ ಬಲವಾದ ಕಾರಣ ಇದ್ದರೆ ಅದಕ್ಕೂ ಆಚೆ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಮಳೆಗೆ ರಸ್ತೆ ಕುಸಿದವನಿಗೆ ಅಷ್ಟು ದಾರಿ ಸಾಕು. ಸೊರಬದಲ್ಲಿ ಒಂದು ಗಡುವು, ಭದ್ರಾವತಿಯಲ್ಲಿ ಇನ್ನೊಂದು ಎಂದಾದರೆ ಬಡವನೇ ಮೊದಲು ಬೀಳುವುದು.

ಸ್ಥಳೀಯರ ಕೈಗೆ ಕೊಟ್ಟು ನೋಡಿದ್ದು ನಮ್ಮಲ್ಲಿ ಹೊಸದೇನಲ್ಲ. ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹದ ನೆಲ ಇದು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಬಂದ, ಗೇಣಿದಾರರ ಹಕ್ಕು ತೀರ್ಮಾನಿಸುವ ಭೂನ್ಯಾಯ ಮಂಡಳಿಗಳಲ್ಲಿ ಊರಿನ ಕಡೆಯವರೇ ಸದಸ್ಯರಾಗಿದ್ದರು, ವಕೀಲರಿಗೆ ಪ್ರವೇಶ ಇರಲಿಲ್ಲ. ಗೇಣಿದಾರ ತನ್ನ ಮಾತಿನಲ್ಲೇ ತನ್ನ ಕಥೆ ಹೇಳಬಹುದಿತ್ತು. ಅದು ಸಣ್ಣ ಲಾಭವಲ್ಲ. ಆದರೆ ಎಷ್ಟೋ ಆದೇಶಗಳಲ್ಲಿ ಕಾರಣವೇ ಬರೆದಿರಲಿಲ್ಲ, ಹೇಳಿಕೆ ಸರಿಯಾಗಿ ದಾಖಲಾಗಿರಲಿಲ್ಲ. ಅಂಥವು ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ವಾಪಸ್ ಬಂದವು. ವಕೀಲರ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು.

ನೀವು ಹೇಳಿದ ಅಮೆರಿಕದಲ್ಲೂ ಪೂರ್ತಿ ಬಿಟ್ಟಿಲ್ಲ. ಅಲ್ಲಿ 94 ಫೆಡರಲ್ ಜಿಲ್ಲಾ ಕೋರ್ಟುಗಳಿವೆ. ಅಲ್ಲಿನ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ 83ನೇ ನಿಯಮದ ಪ್ರಕಾರ, ಸ್ಥಳೀಯ ನಿಯಮ ಮಾಡಲು ಆ ಜಿಲ್ಲೆಯ ಬಹುಪಾಲು ನ್ಯಾಯಾಧೀಶರು ಒಪ್ಪಬೇಕು, ಮೊದಲೇ ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು, ದೇಶದ ನಿಯಮಕ್ಕೆ ವಿರುದ್ಧ ಇರಬಾರದು. ನನಗೆ ಇಷ್ಟವಾದದ್ದು ಅದರ ಇನ್ನೊಂದು ಮಾತು. ಕಾಗದದ ರೂಪದ ವಿಷಯದಲ್ಲಿ ಬೇಕೆಂದೇ ಮಾಡದ ತಪ್ಪಿಗೆ ಯಾರೂ ಹಕ್ಕು ಕಳೆದುಕೊಳ್ಳಬಾರದು ಎಂದಿದೆ. ಹೊಲಿಗೆ ಬಿಚ್ಚುವ ನಮ್ಮಂಥವರಿಗೆ ಇದೊಂದು ಸಿಕ್ಕರೂ ಸಾಕು.

ಇನ್ನೊಂದು ವಿಷಯ. ನಿಯಮ ತಾಲೂಕಿಗೊಂದು ಬೇಡ, ಜಿಲ್ಲೆಗೊಂದು ಇರಲಿ. ಬೆಳಿಗ್ಗೆ ಸಾಗರದಲ್ಲಿ ಕೇಸು ಮುಗಿಸಿ ಮಧ್ಯಾಹ್ನ ಹೊಸನಗರಕ್ಕೆ ಓಡುವ ವಕೀಲರಿದ್ದಾರೆ. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಸಂಹಿತೆಯ 123ನೇ ಕಲಂ ಪ್ರಕಾರ ಹೈಕೋರ್ಟಿನಲ್ಲಿ ನಿಯಮ ಸಮಿತಿ ಇರುತ್ತದೆ. ಅದರಲ್ಲಿ ವಕೀಲರಿಗೂ ಕೆಳ ಕೋರ್ಟಿನ ನ್ಯಾಯಾಧೀಶರಿಗೂ ಜಾಗ ಇದೆ. ಕೊಯ್ಲು, ಮಳೆಗಾಲ, ಹೊಲಿಗೆ ಈ ಮೂರನ್ನು ಬರೆದು ವಕೀಲರ ಸಂಘದಿಂದ ಅಲ್ಲಿಗೆ ಕಳಿಸಬಹುದು.