ಬಯಲು ಬಿಟ್ಟು ಕಾಡಿಗೇಕೆ?

ಪ್ರಶ್ನೆ: ಅಮೆರಿಕದ ಮಿಷಿಗನ್ ರಾಜ್ಯದ ಹಾಲೆಂಡ್ ಎಂಬ ಊರನ್ನು ಧರ್ಮದ ಕಾರಣಕ್ಕೆ ಕಿರುಕುಳ ಉಂಡ ಡಚ್ಚರು ಕಟ್ಟಿದರಂತೆ. ಬಯಲು ನೆಲ ಬೇಕಾದಷ್ಟಿದ್ದರೂ ಅವರು ಕಾಡು ಹೊಕ್ಕಿದ್ದೇಕೆ?
– ಓದುಗರೊಬ್ಬರು, ಸಾಗರ

ಉತ್ತರ: ಕಿರುಕುಳ ನಿಜ. 1834ರಲ್ಲಿ ನೆದರ್ಲೆಂಡ್ಸ್‌ನ ಉಲ್ರಮ್ ಹಳ್ಳಿಯ ಪಾದ್ರಿ ಹೆಂಡ್ರಿಕ್ ಡಿ ಕಾಕ್ ಅಧಿಕೃತ ಚರ್ಚಿನಿಂದ ಹೊರಬಂದರು, ಬೇರೆಯವರೂ ಹಿಂಬಾಲಿಸಿದರು. ಸರ್ಕಾರ ನೆಪೋಲಿಯನ್ ಕಾಲದ ಕಾನೂನೊಂದನ್ನು ಧೂಳು ಕೊಡವಿ ತೆಗೆಯಿತು: ಅನುಮತಿಯಿಲ್ಲದೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರುವಂತಿಲ್ಲ. ಪ್ರಾರ್ಥನೆಗೆ ಕೂತವರಿಗೆ ದಂಡ, ಅವರ ಮನೆಗಳಲ್ಲಿ ಸೈನಿಕರ ಬಿಡಾರ. ಮುಂದೆ ಹಾಲೆಂಡ್ ಊರನ್ನು ಕಟ್ಟಿದ ಪಾದ್ರಿ ವಾನ್ ರಾಲ್ಟೆ ಜೈಲನ್ನೂ ಕಂಡರು.

ಆದರೆ ಇಷ್ಟಕ್ಕೇ ಕಥೆ ಮುಗಿಸುವವರ ಜೊತೆ ನನ್ನದೊಂದು ತಕರಾರಿದೆ. 1840ರಲ್ಲಿ ಎರಡನೆಯ ವಿಲಿಯಂ ಪಟ್ಟಕ್ಕೆ ಬಂದ ಮೇಲೆ ಈ ಕಾಟ ಬಹುಮಟ್ಟಿಗೆ ತಗ್ಗಿತ್ತು. ವಾನ್ ರಾಲ್ಟೆ ಹಡಗು ಹತ್ತಿದ್ದು 1846ರಲ್ಲಿ. ಅದರ ಹಿಂದಿನ ವರ್ಷವೇ ಆಲೂಗಡ್ಡೆಗೆ ರೋಗ ಬಿದ್ದು ಬಡವರ ಊಟವೇ ಕೊಳೆತುಹೋಗಿತ್ತು. ಹೊಟ್ಟೆಯ ಪಾತ್ರವನ್ನು ಮರೆಯಬೇಡಿ.

ಅವರು ಹೊರಟದ್ದು ವಿಸ್ಕಾನ್ಸಿನ್‌ಗೆ. ಚಳಿಗಾಲಕ್ಕೆ ಸರೋವರಗಳ ಹಡಗು ಸಂಚಾರ ನಿಂತು ಡೆಟ್ರಾಯಿಟ್‌ನಲ್ಲೇ ಉಳಿಯಬೇಕಾಯಿತು. ಅಲ್ಲಿಯವರು ತಮ್ಮ ಮಿಷಿಗನ್ನಿನ ಪಶ್ಚಿಮ ಭಾಗವನ್ನೇ ಹೊಗಳಿದರು. ವಾನ್ ರಾಲ್ಟೆ ಹಿಮ ತುಳಿದು ಹೋಗಿ ಬ್ಲ್ಯಾಕ್ ಲೇಕ್ ಎಂಬ ಕೆರೆ ನೋಡಿ ಬಂದರು; 1847ರಲ್ಲಿ ಹಾಲೆಂಡ್ ಎದ್ದದ್ದು ಅದರ ದಂಡೆಯಲ್ಲೇ. ಅವರ ಲೆಕ್ಕ ಹೀಗಿತ್ತು: ಸಾವಿರಾರು ಜನ ಒಟ್ಟಿಗೇ ನೆಲೆಸುವಷ್ಟು ಅಗ್ಗದ ನೆಲ, ಮಾರಲು ಮರ, ದೊಡ್ಡ ಮಿಷಿಗನ್ ಸರೋವರಕ್ಕೆ ನೀರಿನ ದಾರಿ. ಇಂಗ್ಲಿಷ್ ಮಾತಿನ ನೆರೆಹೊರೆ ಕಡಿಮೆಯಿದ್ದುದರಿಂದ ಮಕ್ಕಳು ಭಾಷೆ, ಭಕ್ತಿ ಬಿಡುವ ಭಯವೂ ಕಡಿಮೆ. ನೀವು ಹೇಳುವ ಬಯಲನ್ನು ಇನ್ನೊಬ್ಬ ಪಾದ್ರಿ ಸ್ಕೋಲ್ಟೆ ಅದೇ 1847ರಲ್ಲಿ ಅಯೋವಾದಲ್ಲಿ ಆರಿಸಿಕೊಂಡರು; ಆ ಊರು ಪೆಲ್ಲಾ.

ಕಾಡೇನೂ ನಿರ್ಜನವಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಒಟ್ಟಾವಾ ಜನರಿದ್ದರು, ಎರಡೇ ವರ್ಷಗಳಲ್ಲಿ ಅವರು ಉತ್ತರಕ್ಕೆ ಸರಿದರು. ಇತ್ತ ಮೊದಲ ಬೇಸಿಗೆಯಲ್ಲೇ ಮಲೇರಿಯಾ ಹಲವು ಡಚ್ಚರನ್ನು ಬಲಿ ತೆಗೆದುಕೊಂಡಿತು. ಮರ ಕಡಿದೂ ಗೊತ್ತಿರದ ಜನ. ಬುಡದ ಸುತ್ತಲೂ ಕೊಡಲಿ ಹಾಕಿ, ಯಾವ ಕಡೆ ಬೀಳುತ್ತದೋ ಎಂದು ತಲೆ ಎತ್ತಿ ನೋಡುತ್ತಿದ್ದರು.

ನೆಚ್ಚಿಕೊಂಡ ನೀರಿನ ದಾರಿಯ ಬಾಯಿಗೂ ಮರಳು ಕಟ್ಟಿತ್ತು. ಮಗಳ ಮನೆಗೆ ಹೋದಾಗ ಅಲ್ಲಿನ ಕೆಂಪು ದೀಪಸ್ತಂಭದ ಎದುರು ನಿಂತು ಆ ಕಾಲುವೆ ನೋಡಿದ್ದೇನೆ. ಸರ್ಕಾರದ ಹಣಕ್ಕೆ ಕಾದು ಬೇಸತ್ತು, ಊರವರೇ ಗುದ್ದಲಿ ಹಿಡಿದು ತೋಡಿದ್ದು. ಆ ಕೆಲಸವನ್ನು ಡಚ್ಚರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.