ಗಿಟಾರ್ ಚಾನೆಲ್: ಕ್ಯಾಮೆರಾ ಆಮೇಲೆ, ನಾದ ಮೊದಲು

ಪ್ರಶ್ನೆ: ಕೆಲವು ವರ್ಷಗಳಿಂದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಯೂಟ್ಯೂಬ್ ಚಾನೆಲ್ ಶುರು ಮಾಡುವ ಆಸೆಯಿದೆ, ಆದರೆ ಇರುವುದು ಮೊಬೈಲ್ ಮಾತ್ರ. ಒಳ್ಳೆಯ ಕ್ಯಾಮೆರಾ ಕೊಳ್ಳುವ ತನಕ ಕಾಯಬೇಕೇ? ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ನಾದ ಏರಿಳಿಯುತ್ತದೆ, ಕೊನೆಯಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಏಕೆ?

ಉತ್ತರ: ಕಾಯಬೇಡಿ. ಈಗಿನ ಸಾಧಾರಣ ಮೊಬೈಲ್ ಕ್ಯಾಮೆರಾ ಈ ಕೆಲಸಕ್ಕೆ ಧಾರಾಳ ಸಾಕು. ದುಡ್ಡು, ಸಮಯ, ತಾಳ್ಮೆ ಮೂರನ್ನೂ ಮೊದಲು ಧ್ವನಿಗೆ ಹಾಕಿ. ಚಿತ್ರ ತುಸು ಮಂಕಾಗಿದ್ದರೂ ಜನ ನೋಡುತ್ತಾರೆ. ಒಡೆದ ನಾದವನ್ನು ಮಾತ್ರ, ಅದೂ ಗಿಟಾರ್ ಕೇಳಲೆಂದೇ ಬಂದವರು, ಸಹಿಸುವುದಿಲ್ಲ.

ನಾದ ಏರಿಳಿಯುವುದಕ್ಕೆ ನಿಮ್ಮ ಗಿಟಾರ್ ಕಾರಣವಲ್ಲ. ಮೊಬೈಲ್ ಮೈಕ್ ಇರುವುದು ಮುಖ್ಯವಾಗಿ ಮಾತಿಗೆ. ಜೋರು ಸದ್ದನ್ನು ತಾನೇ ತಗ್ಗಿಸಿ, ಸಣ್ಣ ಸದ್ದನ್ನು ತಾನೇ ಏರಿಸುವ ವ್ಯವಸ್ಥೆ ಅದರೊಳಗಿದೆ. ಒಂದೇ ಸಮನೆ ಕೇಳುವ ಸದ್ದನ್ನು ಗದ್ದಲವೆಂದು ಬಗೆದು ಅಳಿಸುವ ಇನ್ನೊಂದು ವ್ಯವಸ್ಥೆಯೂ ಇರುತ್ತದೆ. ತಂತಿ ಮೀಟಿದ ಕ್ಷಣ ಮೊದಲನೆಯದು ಧ್ವನಿ ಇಳಿಸುತ್ತದೆ, ಮೀಟಿದ ಮೇಲೆ ಉಳಿಯುವ ಅನುರಣನವನ್ನು ಎರಡನೆಯದು ನುಂಗುತ್ತದೆ. ಇವೆರಡನ್ನೂ ಆಫ್ ಮಾಡಿ, ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹುಡುಕಿ. ಇನ್ನೂ ಒಳ್ಳೆಯದೆಂದರೆ ಧ್ವನಿಯನ್ನು ಪ್ರತ್ಯೇಕವಾಗಿ, ಒಂದು ಯುಎಸ್‌ಬಿ ಮೈಕ್ ಅಥವಾ ಪುಟ್ಟ ರೆಕಾರ್ಡರ್‌ನಲ್ಲಿ ಹಿಡಿಯುವುದು. ಶುರುವಿಗೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಅದನ್ನೇ ಗುರುತಾಗಿಟ್ಟು ಚಿತ್ರ, ಧ್ವನಿ ಎರಡನ್ನೂ ಕೂಡಿಸಬಹುದು. ಅತಿ ಜೋರಾಗಿ ಸ್ಟ್ರಮ್ ಮಾಡಿದಾಗಲೂ (ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದಾಗಲೂ) ಧ್ವನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ.

ಮೈಕ್ ಇಡುವ ಜಾಗವೇ ಅರ್ಧ ಕೆಲಸ. ಹೆಚ್ಚಿನವರು ಸೌಂಡ್‌ಹೋಲ್ (ಗಿಟಾರ್ ಪೆಟ್ಟಿಗೆಯ ದುಂಡು ರಂಧ್ರ) ಎದುರಿಗೇ ಇಡುತ್ತಾರೆ. ಪೆಟ್ಟಿಗೆಯೊಳಗಿನ ಗಾಳಿ ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿ ಅನುರಣಿಸುವುದರಿಂದ ಅಲ್ಲಿ ಎಲ್ಲವೂ ಗುಂಯ್ ಎನ್ನುತ್ತದೆ. ಮೈಕನ್ನು 12ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕಡೆ ತಿರುಗಿಸಿ, 20ರಿಂದ 30 ಸೆಂಟಿಮೀಟರ್ ದೂರದಲ್ಲಿಡಿ. ಅಲ್ಲಿಂದ ಎರಡು ಬೆರಳಿನಷ್ಟು ಆಚೀಚೆ ಸರಿಸುತ್ತ ಹೆಡ್‌ಫೋನ್‌ನಲ್ಲಿ ಕೇಳಿ. ವ್ಯತ್ಯಾಸ ನಿಮಗೇ ಅಚ್ಚರಿ ತರುತ್ತದೆ. ಮೊಬೈಲ್ ಸ್ಪೀಕರ್ ನಂಬಿ ತೀರ್ಮಾನಿಸಬೇಡಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಜ್, ಅಷ್ಟು ತಗ್ಗಿನ ಸ್ವರವನ್ನು ಆ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸಲಾರದು. ಖಾಲಿ ಗೋಡೆಗಳ ಕೋಣೆಗಿಂತ ಹಾಸಿಗೆ, ಪರದೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು.

ಚಿತ್ರದ ಬಗ್ಗೆ ಇಷ್ಟು: ಎರಡೂ ಕೈ ಕಾಣಲಿ, ಬೆಳಕು ಎದುರಿನಿಂದ ಬೀಳಲಿ. ಸೆಲ್ಫಿ ಕ್ಯಾಮೆರಾ ಬಳಸಿದರೆ ವಿಡಿಯೊ ಕನ್ನಡಿಯಂತೆ ತಿರುಗಿ ಸೇವ್ ಆಗಿದೆಯೇ ನೋಡಿಕೊಳ್ಳಿ, ಹಾಗಾಗಿದ್ದರೆ ಕಲಿಯುವವರಿಗೆ ನೀವು ಎಡಗೈಯವರಂತೆ ಕಾಣುತ್ತೀರಿ. ತಂತಿಗಳು ಹಾವಿನಂತೆ ಅಲೆಅಲೆಯಾಗಿ ಕಂಡರೆ ಗಾಬರಿ ಬೇಡ. ಸೆನ್ಸರ್ ಚಿತ್ರವನ್ನು ಒಂದೊಂದೇ ಸಾಲಾಗಿ ಓದುವುದರಿಂದ ಹಾಗಾಗುತ್ತದೆ.

ಪ್ರಶ್ನೆ: ಜನಪ್ರಿಯ ಸಿನಿಮಾ ಹಾಡುಗಳನ್ನು ನುಡಿಸಿ ಹಾಕಬಹುದೇ? 30 ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ ಎನ್ನುತ್ತಾರೆ.

ಉತ್ತರ: ಅಂಥ 30 ಸೆಕೆಂಡಿನ ನಿಯಮವೇ ಇಲ್ಲ. ‘ಹಕ್ಕು ನನ್ನದಲ್ಲ’ ಎಂದು ವಿಡಿಯೊ ಕೆಳಗೆ ಬರೆದರೂ ಅದು ರಕ್ಷಣೆಯಾಗದು. ಹಾಡಿಗೆ ಎರಡು ಬಗೆಯ ಹಕ್ಕುಗಳಿವೆ: ಸಾಹಿತ್ಯ ಮತ್ತು ಸ್ವರ ಸಂಯೋಜನೆಯದು ಒಂದು, ಧ್ವನಿಮುದ್ರಿಕೆಯದು ಇನ್ನೊಂದು. ನೀವೇ ನುಡಿಸಿದರೆ ಎರಡನೆಯದು ಅಡ್ಡ ಬರುವುದಿಲ್ಲ, ಮೊದಲನೆಯದು ಉಳಿದೇ ಇರುತ್ತದೆ. ಮೂಲ ಹಾಡನ್ನೇ ಹಿನ್ನೆಲೆಗೆ ಹಾಕಿ ಅದರ ಮೇಲೆ ನುಡಿಸಿದರೆ ಎರಡೂ ತಗುಲಿಕೊಳ್ಳುತ್ತವೆ. ಅದನ್ನು ಖಂಡಿತ ಮಾಡಬೇಡಿ.

ಹಕ್ಕುಳ್ಳ ಸಂಗೀತವನ್ನು ತಾನೇ ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಮುದ್ರಿಕೆಯನ್ನಷ್ಟೇ ಅಲ್ಲ, ಎಷ್ಟೋ ಸಲ ಬರಿಯ ರಾಗವನ್ನೂ ಗುರುತಿಸುತ್ತದೆ. ಅದರಿಂದ ‘ಕ್ಲೇಮ್’, ಅಂದರೆ ಹಕ್ಕಿನ ದಾವೆ, ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ಕಾಣದಂತಾಗುತ್ತದೆ. ಚಾನೆಲ್‌ಗೆ ಅದರಿಂದ ಕಳಂಕವಿಲ್ಲ. ‘ಸ್ಟ್ರೈಕ್’ (ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಯೂಟ್ಯೂಬ್ ಕೊಡುವ ಎಚ್ಚರಿಕೆ) ಬೇರೆಯೇ ಮಾತು: 90 ದಿನಗಳ ಅವಧಿಯಲ್ಲಿ ಮೂರಾದರೆ ಚಾನೆಲ್ಲೇ ಮುಚ್ಚಿಹೋಗಬಹುದು.

ನನ್ನ ಸಲಹೆ, ಚಾನೆಲ್ಲಿನ ಬುನಾದಿಯನ್ನು ಹಕ್ಕಿನ ಅವಧಿ ಮುಗಿದ ಸಂಗೀತದ ಮೇಲೆ, ನಿಮ್ಮದೇ ರಚನೆಗಳ ಮೇಲೆ ಕಟ್ಟಿ. ಸ್ಪೇನಿನ ಗಿಟಾರ್ ವಾದಕ, ಸಂಯೋಜಕರಾದ ಫರ್ನಾಂಡೊ ಸೋರ್ ತೀರಿಕೊಂಡದ್ದು 1839ರಲ್ಲಿ, ಅದೇ ದೇಶದ ಫ್ರಾನ್ಸಿಸ್ಕೊ ತಾರೆಗಾ 1909ರಲ್ಲಿ. ಗಿಟಾರಿಗೆಂದೇ ಅವರು ಬರೆದ ರಚನೆಗಳು ಕಲಿಯುವವರಿಗೂ ಬಂಗಾರ. ಆದರೆ ಅವುಗಳನ್ನು ಇತ್ತೀಚೆಗೆ ಯಾರೋ ಮಾಡಿದ ಅಳವಡಿಕೆ ಹಾಗೆ ಅಳವಡಿಸಿದವರದೇ ಸ್ವತ್ತು, ಹಳೆಯ ಸ್ವರಲಿಪಿಯಿಂದಲೇ ನುಡಿಸಿ.

ಪ್ರಶ್ನೆ: ಮುಖ ತೋರಿಸಲು ಸಂಕೋಚ. ತೋರಿಸಲೇಬೇಕೇ?

ಉತ್ತರ: ಬೇಡ. 2005ರಲ್ಲಿ ಅಂತರ್ಜಾಲದಲ್ಲಿ ಹರಿದಾಡತೊಡಗಿ ಕೋಟಿಗಟ್ಟಲೆ ಜನ ನೋಡಿದ ‘ಫಂಟೂ’ ಎಂಬ ಹೆಸರಿನ ಕೊರಿಯಾದ ಯುವಕನ ಗಿಟಾರ್ ವಿಡಿಯೊದಲ್ಲಿ ಟೋಪಿಯ ನೆರಳಿಗೆ ಮುಖವೇ ಕಾಣದು. ಜನ ನೋಡಿದ್ದು ಬೆರಳುಗಳನ್ನು.

ಪ್ರಶ್ನೆ: ಹಣ ಯಾವಾಗ ಬರುತ್ತದೆ? ಎಂಥ ವಿಡಿಯೊ ಮಾಡಲಿ?

ಉತ್ತರ: ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಒಬ್ಬೊಬ್ಬರು ನಾಲ್ಕು ನಿಮಿಷ ನೋಡುತ್ತಾರೆಂದು ಹಿಡಿದರೂ 4,000 ಗಂಟೆ ತುಂಬಲು 60,000 ವೀಕ್ಷಣೆಯಾಗಬೇಕು. ಮೊದಲ ವರ್ಷ ಹಣ ನೆಚ್ಚಿಕೊಂಡು ಕೂರಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

‘ಗಿಟಾರ್ ಕಲಿಯಿರಿ’ ಎಂಬ ದೊಡ್ಡ ತಲೆಬರಹಕ್ಕಿಂತ ‘ಸಿ ಕಾರ್ಡಿನಿಂದ ಎಫ್ ಬಾರ್ ಕಾರ್ಡಿಗೆ ಹೋಗುವಾಗ ಕೈ ತಡವರಿಸುತ್ತದೆಯೇ’ ಎಂಬ ಸಣ್ಣ ಪಾಠ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬಾರ್ ಕಾರ್ಡ್ ಎಂದರೆ ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವಂಥದು) ಹೆಚ್ಚು ಉಪಕಾರಿ. ಸಿಕ್ಕಿಹಾಕಿಕೊಂಡವರು ಹುಡುಕುವುದು ಅದನ್ನೇ. ಪೀಠಿಕೆ ಬೇಡ, ಕಲಿಸಲಿರುವುದನ್ನು ಮೊದಲ ಹತ್ತು ಸೆಕೆಂಡಿನಲ್ಲೇ ನುಡಿಸಿ ತೋರಿಸಿ. ಟ್ಯೂನಿಂಗ್ ಯಾವುದು, ಕ್ಯಾಪೊ (ಸ್ವರ ಏರಿಸಲು ಗಿಟಾರ್ ಕತ್ತಿಗೆ ಹಾಕುವ ಕ್ಲಿಪ್) ಎಲ್ಲಿದೆ ಎಂದು ಹೇಳಲು ಮರೆಯಬೇಡಿ. ಹಾಕಿದ ಕೆಲವು ದಿನಗಳ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಕ್ಷಣೆಯ ಗ್ರಾಫ್ ತೆರೆಯಿರಿ. ಜನ ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ನೋಡಿದ ಕಡೆ ಅದು ಉಬ್ಬಿರುತ್ತದೆ. ಅಲ್ಲಿ ನಿಮ್ಮ ಬೆರಳು ಸರಿಯಾಗಿ ಕಂಡಿರಲಿಕ್ಕಿಲ್ಲ, ಅಥವಾ ನೀವು ಅವಸರ ಮಾಡಿದ್ದೀರಿ. ಮುಂದಿನ ವಿಡಿಯೊದಲ್ಲಿ ಅಷ್ಟನ್ನೇ, ಕ್ಯಾಮೆರಾ ಹತ್ತಿರ ತಂದು, ಅರ್ಧ ವೇಗದಲ್ಲಿ ಕಲಿಸಿ.